ಎಂಗೇಜ್ ಆಗಿದ್ದ ಲೈನು
ತಿಪಟೂರಿನ ಮಂಡಿ ಬೀದಿಯಲ್ಲಿ ಇಂಟರ್‌ನೆಟ್ ಅಂಗಡಿ ಇಟ್ಟಿರುವ ಮರುಳಸಿದ್ದಯ್ಯನವರಿಗೆ ಇಂಟರ್‌ನೆಟ್ ಕಂಡರೇ ಭಯ. ಇರುವುದೊಂದೇ ಫೋನ್ ಲೈನು. ನೆಟ್ ಓಡುವಾಗ ಹೊರಗಿನ ಕರೆ ಬರುವುದಿಲ್ಲ. ಅಮೆರಿಕದಲ್ಲಿ ಕಣ್ಣು ಮಿಟುಕಿಸುವುದರೊಳಗೆ ಹೋಗುವ ಫೋಟೋ ಇಲ್ಲಿಂದ ಹೋಗಬೇಕಾದರೆ ಅಟ್ಟದ ಕಾಯಿ ಕೊಬ್ಬರಿಯಾಗುವಷ್ಟು ಹೊತ್ತು. ಅಲ್ಲಿಯವರೆಗೆ ಕಾಯುವ ಜೀವ ಅವರದಲ್ಲ. ನಡುವೆಯೇ ವೈರು ಕಿತ್ತು, ರಿಸೀವರನ್ನು ಕಿವಿಗಿಟ್ಟುಕೊಂಡು ನಿಲ್ಲುತ್ತಾರೆ. "ಅರಳಗುಪ್ಪೆ ಗುಡಿ ಫೋಟೋ ಮುಕ್ಕಾಲು ಹೋಗಿತ್ತು ಕಣ್ರೀ!" ಎಂದು ಫೋಟೋ ಕಳಿಸಲು ಬಂದ ರಂಗನಾಥ ಮೇಷ್ಟ್ರು ಕೂಗುತ್ತಾರೆ. "ಇರ್ಲಿ ಬುಡಿ ಮೇಷ್ಟ್ರೇ, ಯಾರಾದ್ರೂ ಫೋನ್ ಮಾಡ್ತಾ ಇದ್ರೆ?" ಎಂಬುದೇ ಇವರ ಉತ್ತರ. ಅಂಗಡಿಗೆ ಬರುವ ನಾವೆಲ್ಲ ನಗುತ್ತಿದ್ದೆವು, ಮರುಳಸಿದ್ದಯ್ಯನವರ ತಂಗಿ ಹೇಳುವವರೆಗೆ: ಹೆಂಡತಿ ಗಿರಿಜಾಂಬಿಕಾ ತುಮಕೂರಿನ ಆಸ್ಪತ್ರೆಯಿಂದ ಕೊನೆಯ ಸಲ ಫೋನ್ ಮಾಡಿದಾಗ ಲೈನು ಎಂಗೇಜ್ ಇತ್ತಂತೆ. ಲೋಕವೆಲ್ಲ ಕೇಳಲೆಂದು ಅವರು ಆಗ ನೆಟ್ಟಿಗೆ ಏರಿಸುತ್ತಿದ್ದುದು ಆಕೆಯೇ ಹಾಡಿದ್ದ ಸೋಬಾನೆ ಪದ.