ಜೋಗಕ್ಕೆ ಬೆನ್ನು ಹಾಕಿ

ಶಿವಮೊಗ್ಗದಲ್ಲೇ ಇದ್ದೂ ನಾನಿನ್ನೂ ಜೋಗ ಜಲಪಾತವನ್ನು ಕಣ್ಣಾರೆ ನೋಡಿಲ್ಲ. ಹೋಗಿಲ್ಲವೆಂದಲ್ಲ, ಹಲವು ಸಲ ಹೋಗಿದ್ದೇನೆ. ನೋಡಿಲ್ಲ, ಅಷ್ಟೆ. ಮೊನ್ನೆ ಗಾಂಧಿ ಬಜಾರಿನ ಸೀರೆ ಅಂಗಡಿಯಲ್ಲಿ ವಿಜಯಪುರದ ಹೆಂಗಸೊಬ್ಬರು ಅದರ ಸೊಬಗನ್ನು ನನಗೇ ಬಣ್ಣಿಸಿದಾಗ ಮೈಯೆಲ್ಲ ಉರಿಯಿತು.

ಇದಕ್ಕೆಲ್ಲ ಕಾರಣ ನಮ್ಮ ಮನೆಯವರು. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದವರು. ಭದ್ರಾವತಿಗೆ ಹೆಣ್ಣು ನೋಡಲು ಬಂದಾಗ ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದರೆ, ಇವರು ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲನ್ನು ಬಗ್ಗಿ ನೋಡುತ್ತಿದ್ದರು. ನನಗೆ ಆಗಲೇ ಗೊತ್ತಾಗಬೇಕಿತ್ತು.

ಊರಿಗೆ ಊರೇ ಕಬ್ಬಿಣವನ್ನು ನಂಬಿ ಬದುಕಿದ ಭದ್ರಾವತಿಯವಳು ನಾನು. ಕಲ್ಲಿನಿಂದಲೂ ಅನ್ನ ಹುಟ್ಟುತ್ತದೆಂದು ಒಪ್ಪುತ್ತೇನೆ. ಆದರೆ ರಸ್ತೆಗಾಗಿ ಗುಡ್ಡ ಕಡಿದ ಜಾಗ ಕಂಡಲ್ಲೆಲ್ಲ ಕಾರು ನಿಲ್ಲಿಸಿ ಸುತ್ತಿಗೆ ಹಿಡಿದು ಇಳಿದರೆ ಹೇಗೆ? ಜೋಗ ತಲುಪುವಷ್ಟರಲ್ಲಿ ಕತ್ತಲೆ, ಇಲ್ಲವೇ ಮಂಜು. ಕಣಿವೆ, ಶಿಖರಗಳೆಲ್ಲ ಮೇಲುಮೇಲಿನ ಶೃಂಗಾರವಂತೆ, ಒಡೆದ ಕಲ್ಲಿನ ಒಳಮೈಯೇ ನಿಜವಾದ ದೃಶ್ಯವಂತೆ.

ಈ ಮಳೆಗಾಲ ನಾನು ಹಟ ಹಿಡಿದೆ. "ಈ ಸಲ ಎಲ್ಲೂ ಇಳಿಯೋ ಹಾಗಿಲ್ಲ ರೀ. ನಾನು ನೀರು ನೋಡ್ಬೇಕು." ಮನೆಯಲ್ಲಿ ಬಿಟ್ಟರೆ ಹುಡುಕಿ ತರುತ್ತಾರೆಂದು ಸುತ್ತಿಗೆಯನ್ನು ನನ್ನ ಚೀಲದಲ್ಲೇ, ಚಕ್ಕುಲಿ ಡಬ್ಬದ ಕೆಳಗೆ ಬಚ್ಚಿಟ್ಟೆ. ಎಲ್ಲೂ ನಿಲ್ಲದೆ ಹೋದೆವು. ಆದರೂ ಕಣಿವೆಯ ತುಂಬ ಬಿಳಿ ಮಂಜು, ನೀರಿನ ಸದ್ದು ಮಾತ್ರ. ಜನ ಛತ್ರಿ ಹಿಡಿದು ಕಾಯುತ್ತಿದ್ದರು.

ಇವರು ಜಲಪಾತಕ್ಕೆ ಬೆನ್ನು ಹಾಕಿ ಹಿಂದಿನ ಬಂಡೆಯ ಕಡೆ ತಿರುಗಿದರು. ಹೊತ್ತು ಹೋಗದ ಯಾರೋ, "ಅದೇನ್ ನೋಡ್ತಿದೀರಿ ಸಾರ್?" ಅಂದರು. ಮುಗಿಯಿತು.

"ಈ ಬಂಡೆ ಹುಟ್ಟಿದಾಗ ಶರಾವತಿ ಇರ್ಲಿಲ್ಲ, ಘಟ್ಟನೂ ಇರ್ಲಿಲ್ಲ ಮಾರಾಯ್ರೆ..."

ನೋಡಲು ಬೇರೇನೂ ಇಲ್ಲದ ಜನ ಸುತ್ತ ನೆರೆದರು. ತರಗತಿಯಲ್ಲೂ ಇವರ ಮಾತನ್ನು ಯಾರೂ ಹೀಗೆ ಕೇಳಿರಲಾರರು. ಮುಖ ಅರಳಿತ್ತು.

ಆಗಲೇ "ಕಾಣ್ತು! ಕಾಣ್ತು!" ಎಂಬ ಕೂಗೆದ್ದಿತು. ಎಲ್ಲರೂ ಕಂಬಿಯ ಕಡೆ ಓಡಿದರು, ನಾನೂ ಓಡಿದೆ. ಓಡುತ್ತ ಒಮ್ಮೆ ಹಿಂದೆ ನೋಡಿದ್ದೇ ತಪ್ಪಾಯಿತು. ಇವರ ಮಾತು ಅರ್ಧಕ್ಕೇ ನಿಂತಿತ್ತು, ಬೆರಳು ಇನ್ನೂ ಬಂಡೆಯ ಮೇಲೇ ಇತ್ತು. ವಾಪಸು ಬಂದು, "ಆಮೇಲೇನಾಯ್ತು? ಬೇಗ ಹೇಳಿ" ಎಂದೆ.

ಕೋಟಿಗಟ್ಟಲೆ ವರ್ಷಗಳ ಕಥೆಯನ್ನು ಬೇಗ ಹೇಳುವುದು ಇವರಿಂದಾಗದು. ಮುಗಿಸಿ ತಿರುಗಿದಾಗ ಮಂಜು ಮತ್ತೆ ಮುಚ್ಚಿಕೊಂಡಿತ್ತು. "ಛೆ, ನೀನು ನೋಡ್ಲೇ ಇಲ್ವಲ್ಲೇ ಮಾರಾಯ್ತಿ!" ಎಂದು ನನ್ನನ್ನೇ ಬೈದರು.

ವಾಪಸು ಬರುವಾಗ, ಗುಡ್ಡ ಕಡಿದ ಮೊದಲ ತಿರುವಿನಲ್ಲಿ ಕಾರು ನಿಲ್ಲಿಸಲು ಹೇಳಿ, ಚೀಲದಿಂದ ಸುತ್ತಿಗೆ ತೆಗೆದು ಕೊಟ್ಟೆ. ಒಂದೇ ಕಾರಿನಲ್ಲಿ ಹೋದ ಇಬ್ಬರಲ್ಲಿ ಒಬ್ಬರಾದರೂ, ನೋಡಬೇಕೆಂದಿದ್ದನ್ನು ನೋಡಿಕೊಂಡು ಬರಲಿ.