ಚಪ್ಪಾಳೆ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ಜನ ಇಟ್ಟ ಹೆಸರು ಚಪ್ಪಾಳೆ. ಡಬ್ಬಿ ಕಾರ್ಖಾನೆಯಲ್ಲಿ ತಗಡು ಒತ್ತುವ ಯಂತ್ರದ ಮುಂದೆ ಅರ್ಧ ಆಯುಷ್ಯ ಸವೆಸಿದವನು. ವಾರವಿಡೀ ಎಣ್ಣೆ ಮೆತ್ತಿದ ಅಂಗಿ. ಶನಿವಾರ ಸಂಜೆ ಮಾತ್ರ ಅಮ್ಮ ಇಸ್ತ್ರಿ ಮಾಡಿಕೊಟ್ಟ ಅಂಗಿ ತೊಟ್ಟು, ನನ್ನನ್ನೂ ಎಳೆದುಕೊಂಡು, ಪುರಭವನಕ್ಕೆ ವಾದ್ಯವೃಂದ ಕೇಳಲು ಹೊರಡುತ್ತಿದ್ದ. ಮೊದಲು ಸಿನಿಮಾ ಹಾಡುಗಳು, ಆಮೇಲೆ ಪಾಶ್ಚಾತ್ಯ ಶಾಸ್ತ್ರೀಯ. ಹಾಡುಗಳಿಗೆ ಕಾಲು ಕುಣಿಸುತ್ತಿದ್ದ, ಶಾಸ್ತ್ರೀಯಕ್ಕೆ ಕಣ್ಣು ಮುಚ್ಚುತ್ತಿದ್ದ.

ಈ ಶಾಸ್ತ್ರೀಯದಲ್ಲಿ ಒಂದು ಪೇಚಿದೆ. ಒಂದೇ ಕೃತಿಯಲ್ಲಿ ಮೂರು ನಾಲ್ಕು ಭಾಗ, ನಡುನಡುವೆ ವಾದ್ಯಗಳೆಲ್ಲ ಗಪ್‌ಚಿಪ್ ಆಗುತ್ತವೆ. ಮುಗಿಯಿತೆಂದು ಚಪ್ಪಾಳೆ ತಟ್ಟಿದವನ ಮಾನ ಅಲ್ಲೇ ಹರಾಜು. ಹಾಗಾಗಿ ಜನರೆಲ್ಲ ಚಿಕ್ಕಪ್ಪನ ಕೈ ನೋಡುತ್ತಿದ್ದರು. ಅವನು ತಟ್ಟಿದರೆ ಮುಗಿಯಿತೆಂದೇ ಅರ್ಥ. ಟಿಕೆಟ್ ಹರಿಯುವವನು ಕೂಡ "ಬಂದ್ರಾ ಚಪ್ಪಾಳೆಯವರು? ಇನ್ನು ಶುರು ಮಾಡಬಹುದು ಬಿಡಿ" ಎಂದು ಕಿಚಾಯಿಸುತ್ತಿದ್ದ. ಚಿಕ್ಕಪ್ಪ ಉಬ್ಬಿಹೋಗುತ್ತಿದ್ದ. ಉಬ್ಬಲಿ ಬಿಡಿ, ಬೇರೆಲ್ಲಿ ಯಾರು ಅವನನ್ನು ತಿರುಗಿ ನೋಡಿದ್ದರು?

ಆ ಹಾಳು ಯಂತ್ರ ಅವನ ಕಿವಿ ತಿಂದುಹಾಕಿತು.

"ಕಿವಿಗೆ ಹತ್ತಿ ಇಟ್ಕೊಳ್ಳೋ ಅಂತ ಎಷ್ಟು ಬಡ್ಕೊಂಡೆ!" ಎಂದು ಅಮ್ಮ ಕೂಗಾಡಿದಳು.

"ನನ್ನ ಕಿವಿ ನೆಟ್ಟಗಿದೆ ಅತ್ತಿಗೆ. ನಿಮ್ಮ ದನೀನೇ ಸಣ್ಣಗಾಗಿದೆ."

ಅಮ್ಮನ ದನಿ ಬೀದಿಯ ಕೊನೆಗೆ ಕೇಳುತ್ತದೆ. ಕೊನೆಗೆ ನಾನೇ ಕಿವಿ ಡಾಕ್ಟರ ಹತ್ತಿರ ಕರೆದೊಯ್ದೆ. ನರವೇ ಸತ್ತಿದೆ, ಇನ್ನೇನೂ ಮಾಡುವಂತಿಲ್ಲ ಎಂದು ಅವರು ಚೀಟಿಯಲ್ಲಿ ಬರೆದು ತೋರಿಸಿದರು. ಚಿಕ್ಕಪ್ಪ ಓದಿದ. "ಶನಿವಾರದೊಳಗೆ ಸರಿಹೋಗುತ್ತಾ ಡಾಕ್ಟ್ರೇ?" ಎಂದ. ಡಾಕ್ಟರು ನನ್ನ ಮುಖ ನೋಡಿದರು. ನನಗೆ ಅಳು ಬಂತು.

ಆದರೂ ಶನಿವಾರ ಹೊರಟ. "ಕಣ್ಣಿದೆಯಲ್ಲೇ? ಮುಂದೆ ನಿಂತು ಕೋಲು ಹಿಡಿದು ವಾದ್ಯದವರನ್ನ ನಡೆಸೋರು ಕೈ ಇಳಿಸಿದ್ರೆ ಮುಗೀತು ಅಂತ" ಎಂದ. ಹಾಡುಗಳು ಹೇಗೋ ಕಳೆದವು. ಶಾಸ್ತ್ರೀಯಕ್ಕೆ ಈ ಸಲ ಅವನು ಕಣ್ಣು ಮುಚ್ಚಲಿಲ್ಲ, ಮಿಟುಕಿಸಲೂ ಇಲ್ಲ. ವಾದ್ಯಗಳು ನಿಂತವು. ಕೋಲು ಹಿಡಿದವರು ಕೈ ಇಳಿಸಿ ಹಣೆ ಒರೆಸಿಕೊಂಡರು. ನಾನು ಅವನ ಕೈ ಹಿಡಿಯುವಷ್ಟರಲ್ಲಿ ಚಿಕ್ಕಪ್ಪ ತಟ್ಟಿಯೇಬಿಟ್ಟ. ಅವನನ್ನು ನಂಬಿದ ಜನರೂ ತಟ್ಟಿದರು.

ಕೋಲು ಹಿಡಿದವರು ಹಿಂತಿರುಗಿ ದುರುಗುಟ್ಟಿದರು. ಎಲ್ಲರೂ ತಟ್ಟುವುದನ್ನು ನಿಲ್ಲಿಸಿದರು. ಅದು ಚಿಕ್ಕಪ್ಪನಿಗೆ ಕೇಳಿಸಬೇಕಲ್ಲ! ಒಬ್ಬನೇ ತಟ್ಟುತ್ತಲೇ ಇದ್ದ, ಪಿಟೀಲುಗಳು ಮತ್ತೆ ಹೆಗಲೇರುವವರೆಗೂ.

"ಇನ್ನೂ ಇತ್ತಾ?" ಎಂದ. ಮೆಲ್ಲಗೆ ಕೇಳಿದೆನೆಂದುಕೊಂಡಿದ್ದ, ಪಾಪ. ಇಡೀ ಪುರಭವನಕ್ಕೆ ಕೇಳಿಸಿತು. ಹಿಂದೆ ಯಾರೋ ಕಿಸಕ್ಕೆಂದರು. ಅವರ ನಾಲಿಗೆ ಸೇದಿಹೋಗಲಿ!

ಎರಡೂ ಕೈ ತೊಡೆಯ ಕೆಳಗೆ ಅದುಮಿಕೊಂಡು ಕೂತ. ನಿಜವಾಗಿ ಮುಗಿದಾಗ ಜನ ಅಭ್ಯಾಸಬಲದಿಂದ ಅವನತ್ತಲೇ ತಿರುಗಿದರು. ಕೈ ಹೊರಬರಲಿಲ್ಲ. ಕೊನೆಗೆ ಮುಂದಿನ ಸಾಲಿನ ಯಾರೋ ತಟ್ಟಿದರು, ಎಲ್ಲರೂ ಎದ್ದು ನಿಂತರು. ಅವನು ನನ್ನ ಮುಖ ನೋಡಿದ. ಹೌದು, ಮುಗಿಯಿತು ಎಂದು ತಲೆಯಾಡಿಸಿದೆ. ಆಗಲೂ ತಟ್ಟಲಿಲ್ಲ.

ಮನೆಯ ಮೆಟ್ಟಿಲ ಹತ್ತಿರ ಬಂದಾಗ ಹೇಳಿದ: "ಇನ್ನು ಶನಿವಾರ ಅಂಗಿಗೆ ಇಸ್ತ್ರಿ ಬೇಡ ಅಂತ ನಿಮ್ಮಮ್ಮನಿಗೆ ಹೇಳಿಬಿಡಮ್ಮ."