ಎಂಬತ್ತಮೂರನೆಯ ಪೆಟ್ಟಿಗೆ

ದಿಯೊಲಿಂಡಾ ಫುರ್ತಾದು ಮೂವತ್ತೊಂದು ವರ್ಷ ನನ್ನ ಅಂಗಡಿಯಲ್ಲಿ ಉಪ್ಪುಮೀನು ಕೊಂಡವಳು. ಅಷ್ಟು ವರ್ಷದಲ್ಲಿ ಒಂದು ಸಲವೂ ನಾನು ಎತ್ತಿಕೊಟ್ಟ ಮೀನನ್ನು ಒಯ್ದವಳಲ್ಲ. ರಾಶಿಯ ಅಡಿಯಿಂದ ತಾನೇ ಒಂದನ್ನು ಎಳೆದು, ಮೂಸಿ, ನನಗೆ ಉಪಕಾರ ಮಾಡಿದವಳ ಹಾಗೆ ಒಪ್ಪಿಕೊಳ್ಳುತ್ತಿದ್ದಳು. ನಮ್ಮೂರು ಫಾಲ್ ರಿವರ್‌ನ ಕಾರ್ಖಾನೆಯಲ್ಲಿ ಕಿಟಕಿ ಪರದೆಗಳ ಅಂಚು ಹೊಲಿದೇ ಆಯುಷ್ಯ ಕಳೆದ ಹೆಂಗಸು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅಂಥವಳು ಮನೆ ಮಾರಿ, ಇದ್ದಬದ್ದ ಸಾಮಾನನ್ನೆಲ್ಲ ಸಾಗಣೆ ಕಂಪನಿಯೊಂದಕ್ಕೆ ಒಪ್ಪಿಸಿ, ಸಮುದ್ರದಾಚೆ ತಾನು ಹುಟ್ಟಿದ ದ್ವೀಪ ಸಾವ್ ಮಿಗೆಲ್‌ಗೆ ವಾಪಸು ಹೊರಟಾಗ ನಮ್ಮ ಬೀದಿಯೇ ಬಾಯಿ ಬಿಟ್ಟು ನೋಡಿತು.

ಅದೇ ವರ್ಷ ಆಕೆಯ ಚೀಟಿಯೂ ಬಂತು. ಈಸ್ಟರ್ ಆದಮೇಲೆ ಏಳು ವಾರ ನಮ್ಮ ಚರ್ಚಿನ ಸಂಘದ, ತುದಿಯಲ್ಲಿ ಪುಟ್ಟ ಪಾರಿವಾಳವಿರುವ ಪವಿತ್ರಾತ್ಮರ ಬೆಳ್ಳಿ ಕಿರೀಟ ವಾರಕ್ಕೊಂದು ಮನೆಯಲ್ಲಿ ಇರುತ್ತದೆ; ಭಾನುವಾರ ಪೂಜೆಯಾದ ಮೇಲೆ ಮುಂದಿನ ಮನೆಯವರ ಕೈ ಸೇರುತ್ತದೆ. ಯಾರ ಮನೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತೇವೆ. ಆ ಮನೆಯ ಮುಂದಿನ ಕೋಣೆಯಲ್ಲಿ ಬಿಳಿ ಬಟ್ಟೆ ಹೊದಿಸಿದ ಮೆಟ್ಟಿಲುಗಳ ಮೇಲೆ ಅದನ್ನಿಟ್ಟು, ಸಂಜೆ ನೆರೆಹೊರೆಯವರೆಲ್ಲ ಜಪಸರ ಹೇಳುತ್ತಾರೆ. ಆ ವಾರ ಹೊಸ್ತಿಲು ದಾಟಿದವರು ಉಣ್ಣದೆ ಹೋಗುವಂತಿಲ್ಲ. ದಿಯೊಲಿಂಡಾಳ ಪಾಲಿಗೆ ಬಂದದ್ದು ಆರನೆಯ ವಾರ. ಕಂಪನಿಯವರು ಸಾಮಾನು ಕಟ್ಟಲು ಕೊಟ್ಟ ದಿನ ಅದೇ ವಾರದ ಗುರುವಾರ.

ಸಂಘದ ಅಧ್ಯಕ್ಷ ಗ್ವಾಲ್ತೆರ್ ಮನೆಗೇ ಹೋಗಿ ಹೇಳಿದ: "ಅಕ್ಕಾ, ಈ ವಾರ ಬೇರೆಯವರಿಗೆ ಬಿಟ್ಟುಕೊಡು. ನಿನ್ನದು ಈಗ ಮನೆಯಲ್ಲ, ಗೋಡೌನು."

"ಇಪ್ಪತ್ತೆರಡು ವರ್ಷ ಚೀಟಿ ಹಾಕಿದೀನಿ ಕಣೋ. ನನ್ನ ಹೆಸರು ಬರೋ ಹೊತ್ತಿಗೆ ನಿನ್ನ ತಲೇಲಿ ಕೂದಲೇ ಉಳಿದಿಲ್ಲ. ಈಗ ಬಿಟ್ಟುಕೊಡು ಅಂತೀಯಾ?"

ಗ್ವಾಲ್ತೆರ್ ತಲೆ ಸವರಿಕೊಂಡು ಎದ್ದು ಬಂದ. ಉಣ್ಣದೆ ಮಾತ್ರ ಬರಲಿಲ್ಲ.

ಗುರುವಾರ ಬೆಳಗ್ಗೆ ಕಂಪನಿಯ ಮೇಸ್ತ್ರಿ ವೆಂಡೆಲ್ ಇಬ್ಬರು ಆಳುಗಳೊಂದಿಗೆ ಬಂದ. ಮೊದಲೇ ಎಚ್ಚರಿಸಿದ: "ಮೇಡಂ, ನಾವು ಕಣ್ಣಿಗೆ ಕಂಡದ್ದೆಲ್ಲ ಕಟ್ತೀವಿ. ಕಸದ ಬುಟ್ಟೀನ ಕಸದ ಸಮೇತ ಕಟ್ಟಿದ್ದೂ ಉಂಟು. ಹಡಗಿಗೆ ಹೋಗಬಾರದ್ದೆಲ್ಲ ಬಚ್ಚಲುಮನೇಲಿಟ್ಟು ಬಾಗಿಲು ಹಾಕಿಬಿಡಿ, ನಾವು ಆ ಕಡೆ ಹೋಗಲ್ಲ. ಆಗದಿದ್ರೆ ಈ ಕೆಂಪು ಚೀಟಿ ಅಂಟಿಸಿ."

ಪಾಸ್‌ಪೋರ್ಟು, ಟಿಕೆಟ್ಟು, ರಕ್ತದೊತ್ತಡದ ಮಾತ್ರೆ, ಕೋಟು ಎಲ್ಲ ಸ್ನಾನದ ತೊಟ್ಟಿ ಸೇರಿದವು. ಕಿರೀಟ? ಪವಿತ್ರಾತ್ಮರನ್ನು ಕಕ್ಕಸಿನ ಪಕ್ಕ ಕೂರಿಸುವುದು ದಿಯೊಲಿಂಡಾಳ ಕನಸಿನಲ್ಲೂ ಬರುವ ಮಾತಲ್ಲ. ಬೆಳ್ಳಿಗೆ ಗೋಂದಿನ ಚೀಟಿ ಮೆತ್ತುವುದೂ ಅಷ್ಟೆ. ಕಣ್ಣಿರುವ ಯಾರಿಗಾದರೂ ಅದು ಹೋಗುವ ವಸ್ತುವಲ್ಲ ಎಂದು ಗೊತ್ತಾಗುತ್ತದೆ ಎಂದುಕೊಂಡಳು. ನಮ್ಮ ಬೀದಿಯಲ್ಲಿ ಅದು ನಿಜ. ವೆಂಡೆಲ್ ನಮ್ಮ ಬೀದಿಯವನಲ್ಲ.

ಮಧ್ಯಾಹ್ನ ಆಕೆ ಆಳುಗಳಿಬ್ಬರನ್ನೂ ಅಡುಗೆಮನೆಗೆ ಎಳೆದೊಯ್ದು, ಪುದೀನ ಹಾಕಿದ ಮಾಂಸದ ಸಾರನ್ನು ರೊಟ್ಟಿಯ ಮೇಲೆ ಸುರಿದು ಬಡಿಸಿದಳು. ವೆಂಡೆಲ್ ತಾನು ಉಂಡುಬಂದಿದ್ದೇನೆ ಎಂದ; ಅವರು ಉಣ್ಣುವಷ್ಟರಲ್ಲಿ ಮುಂದಿನ ಕೋಣೆಯನ್ನು ಒಬ್ಬನೇ ಮುಗಿಸಿದ. ಅವನು ಒಳ್ಳೆಯ ಕೆಲಸಗಾರ, ಅನಾಹುತವಾದದ್ದು ಅದರಿಂದಲೇ. ಸೋಮಾರಿಯಾಗಿದ್ದರೆ ಅರ್ಧ ಸಾಮಾನು ಅಲ್ಲೇ ಬಿಟ್ಟಿರುತ್ತಿದ್ದ. ಮೂರು ಗಂಟೆಗೆ ಕಂಟೇನರಿನ ಬಾಗಿಲು ಮುಚ್ಚಿ, ಮೊಹರು ಬಿದ್ದು, ಲಾರಿ ಹೊರಟಿತು. ಇಡೀ ದಿನ ಓಡಾಡಿ ಸೋತಿದ್ದ ದಿಯೊಲಿಂಡಾ ಅಡುಗೆಮನೆ ಒರೆಸುತ್ತ ಕುಳಿತಳು; ಮುಂದಿನ ಕೋಣೆಯ ಕಡೆ ಹೋಗಲಿಲ್ಲ.

ಆರಕ್ಕೆ ನಾನು ಮೇಣದಬತ್ತಿ ತೆಗೆದುಕೊಂಡು ಹೋದೆ. ಗ್ವಾಲ್ತೆರ್, ಮುಂದಿನ ವಾರ ಕಿರೀಟ ಪಡೆಯಬೇಕಿದ್ದ ಜೆನೊವೇವಾ, ಇನ್ನೂ ನಾಲ್ಕಾರು ಮಂದಿ ಆಗಲೇ ಬಂದಿದ್ದರು. ದಿಯೊಲಿಂಡಾ ಮುಂದಿನ ಕೋಣೆಯ ಬಾಗಿಲು ತಳ್ಳಿದಳು. ಅಲ್ಲಿ ಏನೂ ಇರಲಿಲ್ಲ, ಗೋಡೆಯ ಮೊಳೆ ಬಿಟ್ಟು. ಆಕೆ ಕೂರಲು ಕುರ್ಚಿ ಹುಡುಕಿದಳು, ಕುರ್ಚಿಯೂ ಹೋಗಿತ್ತು. ನೆಲದ ಮೇಲೇ ಕುಸಿದು, ಏಪ್ರನ್ನಿನ ಜೇಬಿನಿಂದ ಕಂಪನಿಯ ಪಟ್ಟಿ ತೆಗೆದಳು. ನನ್ನ ಕೈಗೆ ಕೊಟ್ಟಳು, ನಾನೇ ಓದಿದೆ: "ಎಂಬತ್ತಮೂರು. ನಾಟಕದ ಕಿರೀಟ, ಬಿಳಿ ಲೋಹದ್ದು."

"ನಾಟಕದ್ದು!" ಎಂದ ಗ್ವಾಲ್ತೆರ್.

"ಕಿರೀಟ ಕದ್ಕೊಂಡು ಓಡಿದಳು ಅಂತಾರೆ. ದ್ವೀಪಕ್ಕೂ ನನಗಿಂತ ಮುಂಚೆ ಸುದ್ದಿ ಮುಟ್ಟಿರುತ್ತೆ," ಎಂದಳು ದಿಯೊಲಿಂಡಾ.

"ಮುಟ್ಟಿರುತ್ತೆ ಅಲ್ಲ, ಹೊರಟಾಯ್ತು. ಜೆನೊವೇವಾ ಫೋನು ಹಿಡ್ಕೊಂಡು ಮೆಟ್ಟಿಲಿಳಿದದ್ದು ಯಾಕೆ ಅಂದ್ಕೊಂಡೆ?" ಎಂದ ಗ್ವಾಲ್ತೆರ್.

ನಾನು ವೆಂಡೆಲ್‌ಗೆ ಫೋನು ಮಾಡಿದೆ. ಕಂಟೇನರ್ ತಮ್ಮ ಯಾರ್ಡಿನಲ್ಲೇ ಇದೆ, ಬೆಳಗ್ಗೆ ಹತ್ತಕ್ಕೆ ಬಾಸ್ಟನ್ ಬಂದರಿಗೆ ಹೊರಡುತ್ತದೆ ಎಂದ. "ಮೊಹರು ಒಡೆದರೆ ಹೊಸ ಕಾಗದಪತ್ರ ಆಗಬೇಕು. ಶನಿವಾರದ ಹಡಗಿಗೆ ನಾಳೆ ಮಧ್ಯಾಹ್ನ ಹನ್ನೆರಡಕ್ಕೇ ಗೇಟು ಮುಚ್ತಾರೆ. ತಪ್ಪಿದರೆ ಮುಂದಿನದು ಐದು ವಾರಕ್ಕೆ. ಮೇಡಂನೇ ಕೇಳಿ ಹೇಳಿ."

ಮಂಚ, ಒಲೆ, ಹೊಲಿಗೆ ಯಂತ್ರ ಎಲ್ಲ ಅದರೊಳಗಿದ್ದವು. ಸೋಮವಾರ ಬೆಳಗ್ಗೆ ಈ ಮನೆಯ ಬೀಗದ ಕೈ ಕೊಟ್ಟು ಆಕೆ ವಿಮಾನ ಹತ್ತಬೇಕಿತ್ತು. ಅಲ್ಲಿಯ ಮನೆ ಬರಿಗೋಡೆ. ಗ್ವಾಲ್ತೆರ್‌ನ ದನಿ ಮೆತ್ತಗಾಯಿತು: "ಭಾನುವಾರಕ್ಕೆ ಪಕ್ಕದ ಚರ್ಚಿನ ಕಿರೀಟ ಕೇಳ್ತೀನಿ. ನೀನು ಅಲ್ಲಿ ಪೆಟ್ಟಿಗೆ ಬಿಚ್ಚಿ, ಯಾರ ಕೈಲಾದರೂ ವಾಪಸು ಕಳಿಸು. ಆಗಲ್ವಾ?"

ಆಕೆ ನನ್ನ ಕಡೆ ತಿರುಗಿದಳು. "ಸಮುದ್ರದಲ್ಲಿ ಪೆಟ್ಟಿಗೆಗಳು ಬೀಳ್ತಾವಂತೆ, ಹೌದಾ?"

"ಸಾಮಾನ್ಯವಾಗಿ ಬೀಳಲ್ಲ," ಎಂದೆ. ವ್ಯಾಪಾರದಲ್ಲಿ 'ಸಾಮಾನ್ಯವಾಗಿ' ಎಂಬ ಪದ ಎಷ್ಟು ತೂಗುತ್ತದೆಂದು ನನಗೂ ಗೊತ್ತು, ಅವಳಿಗೂ ಗೊತ್ತು.

"ಒಡೆಯೋಕೆ ಹೇಳು," ಎಂದಳು.

ಶುಕ್ರವಾರ ಏಳು ಗಂಟೆಗೆ ಯಾರ್ಡಿನಲ್ಲಿ ಮೊಹರು ಕತ್ತರಿಸಿದರು. ಒಡೆಯುವ ಸಾಮಾನು ಅಲುಗಬಾರದೆಂದು ವೆಂಡೆಲ್ ಕಿರೀಟದ ಪೆಟ್ಟಿಗೆಯನ್ನು ಕಂಟೇನರಿನ ಒಳತುದಿಗೆ ಒತ್ತಿಟ್ಟಿದ್ದ. ಸೋಫಾ, ಬೀರು, ಮಂಚ ಒಂದೊಂದಾಗಿ ಬಿಸಿಲಿಗೆ ಬಂದವು. ಮಾಸಿದ ಹಾಸಿಗೆ ಇಳಿದಾಗ ದಿಯೊಲಿಂಡಾ ಕೋಟು ಬಿಚ್ಚಿ ಅದರ ಮೇಲೆ ಹೊದಿಸಿದಳು. ಒಂಬತ್ತೂವರೆಗೆ ಎಂಬತ್ತಮೂರು ಸಿಕ್ಕಿತು. ಕಾಗದ ಬಿಚ್ಚಿದರೆ ಕಿರೀಟವಿದೆ, ಮೇಲಿನ ಪಾರಿವಾಳ ಇಲ್ಲ.

ಗ್ವಾಲ್ತೆರ್ ಶಿಲುಬೆಯ ಗುರುತು ಹಾಕಿಕೊಂಡ. ಆಕೆ ಬಾಯಿಗೆ ಕೈ ಅಡ್ಡ ಹಿಡಿದಳು.

"ಸ್ಕ್ರೂ ಇತ್ತು," ಎಂದ ವೆಂಡೆಲ್, ಮುಖ ಕೆಂಪಾಗಿ. "ರೆಕ್ಕೆ ಮುರಿಯಬಾರದು ಅಂತ ತೆಗೆದು ಬೇರೆ ಇಟ್ಟೆ. ಎಲ್ಲಿ ಅಂತ... ಯಾವುದೋ ಪಾತ್ರೆಯೊಳಗೆ."

"ಪಾತ್ರೆಯ ಪೆಟ್ಟಿಗೆ ಎಷ್ಟು?" ಎಂದೆ.

"ಹದಿನೇಳು."

ಎಲ್ಲರೂ ಬಿಚ್ಚಲು ಕೂತೆವು. ಹೊರಗಿನವರು ಸಾಮಾನು ಮುಟ್ಟಬಾರದೆಂಬುದು ಕಂಪನಿಯ ನಿಯಮ. ವೆಂಡೆಲ್ ನಮ್ಮ ಕಡೆ ಬೆನ್ನು ಹಾಕಿ ಬಿಚ್ಚಿದ. ಹತ್ತು ಹೊಡೆಯಿತು, ಹನ್ನೊಂದಾಯಿತು. ಯಾರೂ ಬಂದರಿನ ಹೆಸರೆತ್ತಲಿಲ್ಲ. ಹದಿನಾಲ್ಕನೆಯ ಪೆಟ್ಟಿಗೆಯಲ್ಲಿ, ಕಾಫಿ ಕೆಟಲಿನ ಹೊಟ್ಟೆಯಲ್ಲಿ, ಟವೆಲಿನೊಳಗೆ ಪಾರಿವಾಳ ಮಲಗಿತ್ತು. ಆಗ ಗಂಟೆ ಹನ್ನೆರಡೂಕಾಲು.

ದಿಯೊಲಿಂಡಾ ಹೊಸ ಕಾಗದಕ್ಕೆ ರುಜು ಹಾಕಿದಳು, ಐದು ವಾರದ ನಂತರದ ತಾರೀಖಿಗೆ. ಆಮೇಲೆ ವೆಂಡೆಲ್‌ಗೆ, "ಭಾನುವಾರ ಉಣ್ಣೋಕೆ ಬಾ. ಉಂಡ್ಕೊಂಡು ಬಂದಿದೀನಿ ಅಂತ ಹೇಳಿದ್ರೆ ನೋಡು," ಎಂದಳು.

ಭಾನುವಾರದವರೆಗೆ ಖಾಲಿ ಮನೆಯಲ್ಲಿ ಆಕೆ ಕಿರೀಟದ ಎದುರು ನೆಲದ ಮೇಲೇ ಮಲಗಿದಳಂತೆ. ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ಜೆನೊವೇವಾ ಕೈ ಚಾಚಿದಳು. ದಿಯೊಲಿಂಡಾ ಕಿರೀಟವನ್ನು ಆ ಕೈಗಳ ಮೇಲಿಟ್ಟಳು, ಆದರೆ ಬಿಡಲಿಲ್ಲ. ಬ್ಯಾಂಡಿನವರು ಬಾರಿಸುವುದನ್ನು ನಿಲ್ಲಿಸಿ ಕಾದರು.

"ಈ ವಾರ ನಿನ್ನ ಮನೇಗೆ ಯಾರಾದ್ರೂ ಬರೋರಿದಾರಾ? ಬಣ್ಣ ಹೊಡೆಯೋರು, ನಲ್ಲಿ ರಿಪೇರಿಯೋರು?"

"ಯಾರೂ ಇಲ್ಲಕ್ಕಾ."

"ಖಂಡಿತಾ?"

"ದೇವರಾಣೆ."

ಆಮೇಲೆ ಆಕೆಯ ಬೆರಳುಗಳು ಒಂದೊಂದಾಗಿ ಸಡಿಲಿದವು.